ಹೊಸ ಹ್ಯಾಂಡಲ್‌ಬಾರ್‌ಗೆ ಯಾವ ಬ್ರೇಕ್ ಲಿವರ್? ಮೊದಲು ಚಕ್ರದ ಬಳಿಯ ಕ್ಯಾಲಿಪರ್ ನೋಡಿ

ಬೈಕಿನ ಮೂಲ ಹ್ಯಾಂಡಲ್‌ಬಾರ್ ಬಿಚ್ಚಿ ಎತ್ತರದ್ದನ್ನೋ ತಗ್ಗಿನದನ್ನೋ ಕೂರಿಸಿದ ಕೂಡಲೇ ಹಳೆಯ ಬ್ರೇಕ್ ಭಾಗಗಳು ಅಲ್ಲಿ ಒಗ್ಗದೆ ನಿಲ್ಲುತ್ತವೆ. ಪೈಪ್ ಸಾಲುವುದಿಲ್ಲ, ಬ್ರೇಕ್ ಆಯಿಲ್ ಡಬ್ಬಿ ಓರೆಯಾಗುತ್ತದೆ, ಕ್ಲ್ಯಾಂಪ್ ಕೂರುವುದಿಲ್ಲ. ಬೇರೆ ಲಿವರ್ ಹುಡುಕುವ ಹೊತ್ತಿಗೆ ನಾವು ಕೇಳುವುದು ಎರಡೇ ಪ್ರಶ್ನೆ: ಬಾರ್‌ನ ದಪ್ಪಕ್ಕೆ ಕೂರುತ್ತದೆಯೇ? ನೋಡಲು ಚೆನ್ನಾಗಿದೆಯೇ? ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಅವು ಕೊನೆಗೆ ಕೇಳಬೇಕಾದವು.

ನನ್ನ ಬೈಕಿನ ಮುಂಚಕ್ರಕ್ಕೆ ಇರುವುದು ಒಂದೇ ಡಿಸ್ಕ್, ಅದರ ಮೇಲೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ, ಎರಡು ಪಿಸ್ಟನ್‌ಗಳ ಕ್ಯಾಲಿಪರ್. ಒಂದಿಂಚಿನ ಬಾರ್ ಹಾಕಿದಾಗ, ಎರಡು ಡಿಸ್ಕ್‌ಗಳ ದೊಡ್ಡ ಬೈಕಿಗೆಂದು ಮಾಡಿದ ಮಾಸ್ಟರ್ ಸಿಲಿಂಡರನ್ನು, ಅಂದರೆ ಲಿವರ್ ಎಳೆದಾಗ ಬ್ರೇಕ್ ಆಯಿಲನ್ನು ತಳ್ಳುವ ಬಾರ್ ಮೇಲಿನ ಭಾಗವನ್ನು, ತಂದು ಬಿಗಿದೆ. ದೊಡ್ಡದಾದರೆ ಬಲವೂ ಹೆಚ್ಚು ಎಂದು ನಂಬಿದ್ದೆ. ನಿಲ್ಲಿಸಿದ ಬೈಕಿನ ಮೇಲೆ ಕುಳಿತು ಲಿವರ್ ಹಿಡಿದರೆ ಕಲ್ಲಿನಂತೆ ಗಟ್ಟಿಯಾಗಿತ್ತು. ಆ ಗಟ್ಟಿತನವನ್ನೇ ಒಳ್ಳೆಯ ಬ್ರೇಕಿನ ಗುರುತು ಎಂದುಕೊಂಡೆ. ಮೊದಲ ದಿನವೇ ಮುಂದಿದ್ದ ಕಾರು ತಟ್ಟನೆ ನಿಂತಾಗ ನಾಲ್ಕೂ ಬೆರಳು ಹಾಕಿ ಎಳೆದರೂ ವೇಗ ಇಳಿಯಬೇಕಾದಷ್ಟು ಇಳಿಯಲಿಲ್ಲ. ಪಕ್ಕಕ್ಕೆ ಹೊರಳಲು ಜಾಗ ಸಿಕ್ಕಿದ್ದರಿಂದ ಪಾರಾದೆ. ಲಿವರ್ ಗಟ್ಟಿಯಾಗಿರುವುದಕ್ಕೂ ಬ್ರೇಕ್ ಬಲವಾಗಿರುವುದಕ್ಕೂ ಸಂಬಂಧ ಬೇರೆಯೇ ಇದೆ ಎಂಬುದು ಅಂದು ಮನೆಗೆ ಬಂದು ಲೆಕ್ಕ ಹಾಕಿದಾಗ ತಿಳಿಯಿತು. ಆ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಪಿಸ್ಟನ್‌ಗಳ ಲೆಕ್ಕ

ಲಿವರ್ ಎಳೆದಾಗ ಮಾಸ್ಟರ್ ಸಿಲಿಂಡರಿನ ಚಿಕ್ಕ ಪಿಸ್ಟನ್ ಆಯಿಲನ್ನು ತಳ್ಳುತ್ತದೆ, ಆ ಒತ್ತಡ ಕ್ಯಾಲಿಪರಿನ ದೊಡ್ಡ ಪಿಸ್ಟನ್‌ಗಳಿಗೆ ತಲುಪಿ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುತ್ತದೆ. ಚಿಕ್ಕದಕ್ಕೆ ಹೋಲಿಸಿದರೆ ದೊಡ್ಡದರ ವಿಸ್ತೀರ್ಣ ಎಷ್ಟು ಪಟ್ಟು ಇದೆಯೋ ಅಷ್ಟು ಪಟ್ಟು ಬಲ ಹೆಚ್ಚುತ್ತದೆ. ಅಂದರೆ ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಹೆಚ್ಚಿದಂತೆಲ್ಲ ಕೈಬಲಕ್ಕೆ ಸಿಗುವ ಬ್ರೇಕ್ ಕಡಿಮೆಯಾಗುತ್ತದೆ. ಬದಲಿಗೆ ಲಿವರ್ ಕಡಿಮೆ ದೂರ ಚಲಿಸುತ್ತದೆ, ಕೈಗೆ ಗಟ್ಟಿಯಾಗಿ ಸಿಗುತ್ತದೆ. ಒಳವ್ಯಾಸ ಕಡಿಮೆಯಾದರೆ ಇದರ ತಿರುವು: ಬಲ ಹೆಚ್ಚು, ಚಲನೆಯೂ ಹೆಚ್ಚು, ಅತಿಯಾದರೆ ಲಿವರ್ ಗ್ರಿಪ್ಪಿಗೇ ಬಂದು ತಾಗುತ್ತದೆ.

ವಿಸ್ತೀರ್ಣಕ್ಕೆ ಪೈ ತಂದು ಗುಣಿಸಬೇಕಿಲ್ಲ, ವ್ಯಾಸದ ವರ್ಗ ಸಾಕು. ನನ್ನ ಕ್ಯಾಲಿಪರಿನ ಪಿಸ್ಟನ್‌ಗಳು ತಲಾ 30 ಮಿಲಿಮೀಟರಿನವು. 30ರ ವರ್ಗ 900, ಎರಡಕ್ಕೆ 1,800. ಮೂಲ ಮಾಸ್ಟರ್ ಸಿಲಿಂಡರ್ ಅರ್ಧ ಇಂಚಿನದು, ಅಂದರೆ 12.7 ಮಿಲಿಮೀಟರ್, ಅದರ ವರ್ಗ ಸುಮಾರು 161. ಭಾಗಿಸಿದರೆ 11.2 ಪಟ್ಟು. ನಾನು ತಂದು ಹಾಕಿದ್ದು 5/8 ಇಂಚಿನದು, ಅಂದರೆ 15.9 ಮಿಲಿಮೀಟರ್, ವರ್ಗ 252. ಅನುಪಾತ 7.1ಕ್ಕೆ ಇಳಿದಿತ್ತು. ಹೊಳೆಯುವ ಹೊಸ ಭಾಗ ಹಾಕಿ ನನ್ನ ಮುಂಬ್ರೇಕಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ನಾನೇ ಕಿತ್ತುಹಾಕಿದ್ದೆ. ಅದೇ ಜಾಗದಲ್ಲಿ 14 ಮಿಲಿಮೀಟರಿನದು ಹಾಕಿದ್ದರೆ 9.2 ಸಿಗುತ್ತಿತ್ತು, ಲಿವರ್ ತುಸು ಬಿಗಿ, ಆದರೆ ಬಳಸಬಹುದಾದ ಬ್ರೇಕ್. 11 ಮಿಲಿಮೀಟರಿನದು ಹಾಕಿದರೆ 14.9 ಬರುತ್ತದೆ, ಬೆರಳು ತಾಗಿಸಿದರೆ ಹಿಡಿಯುವಷ್ಟು ಬಲ, ಆದರೆ ಲಿವರ್ ಮೊದಲಿಗಿಂತ ಮೂರನೆಯ ಒಂದು ಭಾಗ ಹೆಚ್ಚು ಓಡುತ್ತದೆ.

ಕ್ಯಾಲಿಪರ್ ಬದಲಿಸದೆ ಮೇಲಿನದನ್ನು ಮಾತ್ರ ಬದಲಿಸುವವರಿಗೆ ಇಷ್ಟು ಹೋಲಿಕೆ ಸಾಕು. ಕ್ಯಾಲಿಪರನ್ನೂ ಬದಲಿಸುತ್ತಿದ್ದರೆ ಒಂದು ಎಚ್ಚರಿಕೆ ಬೇಕು. ಪಿಸ್ಟನ್‌ಗಳು ಡಿಸ್ಕಿನ ಎರಡೂ ಬದಿಯಲ್ಲಿ ಎದುರುಬದುರಾಗಿದ್ದರೆ ಒಂದು ಬದಿಯವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಒಂದೇ ಬದಿಯಲ್ಲಿ ಪಿಸ್ಟನ್ ಇದ್ದು ಇಡೀ ಕ್ಯಾಲಿಪರ್ ಜಾರುವ ಬಗೆಯಾದರೆ ಎಲ್ಲವನ್ನೂ ಹಿಡಿಯಿರಿ. ಎರಡು ಡಿಸ್ಕ್ ಇದ್ದರೆ ಎರಡೂ ಕ್ಯಾಲಿಪರ್‌ಗಳನ್ನು ಕೂಡಿಸಿ.

ಮೂಲ ಬೈಕಿನ ಅನುಪಾತವೇ ನಿಮ್ಮ ಅಳತೆಗೋಲು. ಅದನ್ನು ತಯಾರಕರು ಆ ಬೈಕಿನ ತೂಕ, ಚಕ್ರ, ಡಿಸ್ಕ್ ನೋಡಿ ನಿಗದಿ ಮಾಡಿರುತ್ತಾರೆ. ಅದರ ಅಕ್ಕಪಕ್ಕದಲ್ಲೇ ಇರಿ ಎಂಬುದು ನನ್ನ ಸಲಹೆ. ಬಹಳಷ್ಟು ಮಾಸ್ಟರ್ ಸಿಲಿಂಡರ್‌ಗಳ ಮೈಮೇಲೆಯೇ 14, 1/2, 5/8 ಎಂದು ಒಳವ್ಯಾಸವನ್ನು ಎರಕದಲ್ಲಿ ಮೂಡಿಸಿರುತ್ತಾರೆ. ಕೊಳೆ ಒರೆಸಿ ನೋಡಿದರೆ ಕಾಣುತ್ತದೆ. ಒಳವ್ಯಾಸ ಎಷ್ಟೆಂದು ಹೇಳಲಾಗದ ಮಾರಾಟಗಾರರಿಂದ ಎಷ್ಟೇ ಚಂದದ ಲಿವರ್ ಆದರೂ ಕೊಳ್ಳಬೇಡಿ.

ಬಾರ್‌ನ ಆಕಾರ ಏನು ಬೇಡುತ್ತದೆ

ಒಳವ್ಯಾಸ ತೀರ್ಮಾನವಾದ ಮೇಲೆ ಬಾರ್ ಕಡೆಗೆ ಬರೋಣ. ದಪ್ಪ ಸಾಮಾನ್ಯವಾಗಿ ಎರಡು ಬಗೆ: 22.2 ಮಿಲಿಮೀಟರ್, ಅಂದರೆ 7/8 ಇಂಚು, ಮತ್ತು 25.4 ಮಿಲಿಮೀಟರ್, ಅಂದರೆ ಒಂದು ಇಂಚು. ಜಪಾನಿನ ಹೆಚ್ಚಿನ ಬೈಕ್‌ಗಳು ಮೊದಲ ಗುಂಪಿಗೆ, ಹಾರ್ಲೆ ಡೇವಿಡ್‌ಸನ್ ಮತ್ತು ಅದೇ ಮಾದರಿಯ ಭಾರಿ ಕ್ರೂಸರ್‌ಗಳು ಎರಡನೆಯ ಗುಂಪಿಗೆ ಸೇರುತ್ತವೆ. ನಡುವೆ 28.6 ಮಿಲಿಮೀಟರ್ ದಪ್ಪವಿದ್ದು ತುದಿಗಳಲ್ಲಿ 22.2ಕ್ಕೆ ಇಳಿಯುವ ಬಾರ್‌ಗಳೂ ಇವೆ. ಲಿವರಿಗೆ ಬೇಕಾದದ್ದು ತುದಿಯ ಅಳತೆ. ತೆಳು ಬಾರ್‌ಗೆ ದಪ್ಪ ಕ್ಲ್ಯಾಂಪ್ ಕೂರಿಸಲು ಸುತ್ತಲೂ 1.6 ಮಿಲಿಮೀಟರಿನ ತಗಡಿನ ಬಳೆ ಹಾಕುವವರಿದ್ದಾರೆ. ಕ್ಲಚ್ ಬದಿಗೆ ಹೇಗೋ ನಡೆದೀತು. ಬ್ರೇಕ್ ಬದಿಗೆ ನಾನು ಹಾಕುವುದಿಲ್ಲ. ತುರ್ತಿನಲ್ಲಿ ಜೋರಾಗಿ ಹಿಡಿದಾಗ ಕ್ಲ್ಯಾಂಪ್ ತಿರುಗಿದರೆ ಲಿವರ್ ಬೆರಳಿನಿಂದ ದೂರ ಹೋಗುತ್ತದೆ.

ದಪ್ಪಕ್ಕಿಂತ ಹೆಚ್ಚು ಜನ ಎಡವುವುದು ನೇರ ಭಾಗದ ಉದ್ದದಲ್ಲಿ. ಗ್ರಿಪ್ ಒಂದೇ ಸುಮಾರು 12 ಸೆಂಟಿಮೀಟರ್ ತಿನ್ನುತ್ತದೆ. ಅದರ ಪಕ್ಕ ಆಕ್ಸಿಲರೇಟರ್ ಮತ್ತು ಸ್ವಿಚ್‌ಗಳ ಪೆಟ್ಟಿಗೆ, ಆಮೇಲೆ ಮಾಸ್ಟರ್ ಸಿಲಿಂಡರಿನ ಕ್ಲ್ಯಾಂಪ್. ಬಾಗು ಬೇಗ ಶುರುವಾಗುವ ಬಾರ್‌ಗಳಲ್ಲಿ ಕ್ಲ್ಯಾಂಪ್ ಬಾಗಿನ ಮೇಲೆ ಬೀಳುತ್ತದೆ, ಆಗ ಅದು ಎರಡೇ ಬಿಂದುಗಳಲ್ಲಿ ಹಿಡಿಯುತ್ತದೆ. ಬಾರ್ ಕೊಳ್ಳುವ ಮೊದಲೇ ಹಳೆಯದರ ಮೇಲೆ ಈ ಮೂರೂ ಎಷ್ಟು ಜಾಗ ಹಿಡಿದಿವೆ ಎಂದು ಅಳೆದಿಟ್ಟುಕೊಳ್ಳಿ.

ಇನ್ನು ಓರೆಯ ವಿಚಾರ. ನನ್ನ ಪ್ರಕಾರ ಇಡೀ ಆಯ್ಕೆಯನ್ನು ನಿರ್ಧರಿಸುವ ಎರಡನೆಯ ಸಂಗತಿ ಇದು. ಆಯಿಲ್ ಡಬ್ಬಿಯ ತಳದಲ್ಲಿ ಸಿಲಿಂಡರಿಗೆ ಇಳಿಯುವ ಸಣ್ಣ ರಂಧ್ರಗಳಿವೆ. ಡಬ್ಬಿ ಹೇಗೆ ನಿಂತರೂ, ಪ್ಯಾಡ್ ಸವೆದು ಆಯಿಲ್ ಮಟ್ಟ ಇಳಿದ ಮೇಲೂ, ಆ ರಂಧ್ರಗಳು ಆಯಿಲಿನಲ್ಲಿ ಮುಳುಗಿಯೇ ಇರಬೇಕು. ಒಮ್ಮೆ ಅವು ಗಾಳಿಗೆ ತೆರೆದುಕೊಂಡರೆ ಲಿವರ್ ಮೆತ್ತಗಾಗುತ್ತದೆ. ನೇರವಾದ ಡ್ರ್ಯಾಗ್ ಬಾರ್ ಮತ್ತು ಅಗಲ ಟ್ರ್ಯಾಕರ್ ಬಾರ್‌ಗಳಲ್ಲಿ ಡಬ್ಬಿ ಹೆಚ್ಚುಕಡಿಮೆ ಸಮವಾಗಿಯೇ ನಿಲ್ಲುತ್ತದೆ. ಹಿಂದಕ್ಕೆ ಎಳೆದ ಬಾರ್‌ಗಳಲ್ಲಿ ತುದಿ ಕೆಳಕ್ಕೆ ಇಳಿದು ಡಬ್ಬಿ ಹೊರಬದಿಗೆ ವಾಲುತ್ತದೆ. ತಗ್ಗಿನ ಕ್ಲಬ್‌ಮನ್ ಬಾರ್‌ಗಳಲ್ಲೂ ಫೋರ್ಕಿಗೆ ಹಿಡಿಯುವ ಕ್ಲಿಪ್-ಆನ್‌ಗಳಲ್ಲೂ ಇಳಿಜಾರು ಇದ್ದೇ ಇರುತ್ತದೆ. ಎತ್ತರದ ಏಪ್ ಹ್ಯಾಂಗರ್‌ಗಳಲ್ಲಿ ಮಣಿಕಟ್ಟಿನ ಕೋನಕ್ಕೆ ಲಿವರ್ ತಿರುಗಿಸಿದರೆ ಡಬ್ಬಿ ಮುಂದಕ್ಕೋ ಹಿಂದಕ್ಕೋ ಬಾಗುತ್ತದೆ. ನೋಡುವ ವಿಧಾನ ಸುಲಭ: ಬೈಕನ್ನು ನೆಟ್ಟಗೆ ನಿಲ್ಲಿಸಿ, ಚಕ್ರ ನೇರವಿಟ್ಟು, ಸೀಟಿನಲ್ಲಿ ಕುಳಿತು ಮುಂಗೈ ಮತ್ತು ಬೆರಳು ಒಂದೇ ಗೆರೆಯಲ್ಲಿ ಬರುವಂತೆ ಲಿವರ್ ಕೂರಿಸಿ. ಆಮೇಲೆ ಡಬ್ಬಿಯ ಮುಚ್ಚಳದ ಮೇಲೆ ನೀರುಮಟ್ಟ ಇಡಿ. ತುಸು ವಾಲಿದ್ದರೆ ಪರವಾಗಿಲ್ಲ. ಕಣ್ಣಿಗೆ ರಾಚುವಷ್ಟು ವಾಲಿದ್ದರೆ ಮೈಗೆ ಅಂಟಿದ ಡಬ್ಬಿಯ ಮಾಸ್ಟರ್ ಸಿಲಿಂಡರ್ ನಿಮಗಲ್ಲ.

ಆಯ್ಕೆಗಳು ಎದುರುಬದುರು

ಮೂಲ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡು ಉದ್ದದ ಪೈಪ್ ಹಾಕುವುದು ಮೊದಲ ದಾರಿ. ಬಾರ್ ದಪ್ಪ ಅದೇ ಇದ್ದು ಡಬ್ಬಿ ಸಮವಾಗಿ ನಿಲ್ಲುವುದಾದರೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಅನುಪಾತ ಬದಲಾಗುವುದಿಲ್ಲ, ಸ್ವಿಚ್ ಅದೇ, ಸೀಲ್‌ಗಳು ಎಲ್ಲಾದರೂ ಸಿಗುತ್ತವೆ. ನೋಟ ಬದಲಾಗುವುದಿಲ್ಲ ಎಂಬ ಕೊರಗು ಇದ್ದರೆ ಲಿವರ್ ತುಂಡನ್ನು ಮಾತ್ರ ಬದಲಿಸಬಹುದು. ಎಬಿಎಸ್ ಇರುವ ಬೈಕಿಗೆ ನಾನು ಸೂಚಿಸುವುದು ಇದೊಂದನ್ನೇ. ಒಳವ್ಯಾಸ ಬದಲಾದರೆ ತಯಾರಕರು ಪರೀಕ್ಷಿಸಿ ಹೊಂದಿಸಿದ ವ್ಯವಸ್ಥೆಯಿಂದ ನೀವು ಹೊರಗೆ ಹೋದಂತೆ. ಪೈಪ್ ಬದಲಿಸಿದರೂ ಕೆಲವು ಬೈಕ್‌ಗಳ ಎಬಿಎಸ್ ಘಟಕದಿಂದ ಗಾಳಿ ತೆಗೆಯಲು ದೋಷಪತ್ತೆ ಉಪಕರಣ ಬೇಕಾಗುತ್ತದೆ, ಅದನ್ನು ಮೊದಲೇ ವಿಚಾರಿಸಿಕೊಳ್ಳಿ.

ಎರಡನೆಯದು ಬೇರೊಂದು ಬೈಕಿನಿಂದ ಬಿಚ್ಚಿದ ಭಾಗ. ನಿಮ್ಮದಕ್ಕೆ ಸರಿಹೊಂದುವ ಒಳವ್ಯಾಸ, ನಿಮ್ಮ ಬಾರ್‌ಗೆ ಒಗ್ಗುವ ಡಬ್ಬಿಯ ಕೋನ, ಎರಡನ್ನೂ ಹುಡುಕುವ ತಾಳ್ಮೆ ಇದ್ದರೆ ಕಡಿಮೆ ಖರ್ಚಿನಲ್ಲಿ ಕಂಪನಿ ಗುಣಮಟ್ಟ ಸಿಗುತ್ತದೆ. ಬಳಸಿದ ಮಾಸ್ಟರ್ ಸಿಲಿಂಡರನ್ನು ಹಾಗೇ ಎತ್ತಿ ಬಿಗಿಯಬೇಡಿ. ಪಿಸ್ಟನ್ ಹೊರತೆಗೆದು ಒಳಗೋಡೆಯ ಮೇಲೆ ಬೆಳಕು ಬಿಟ್ಟು ನೋಡಿ. ತೂತು ಬಿದ್ದಂಥ ತುಕ್ಕಿನ ಕಲೆಗಳಿದ್ದರೆ ಹೊಸ ಸೀಲ್ ಹಾಕಿದರೂ ಅದು ಬೇಗ ಸವೆದು ಸೋರುತ್ತದೆ, ಅಂಥದ್ದನ್ನು ಬಿಟ್ಟುಬಿಡಿ. ಗೋಡೆ ನುಣುಪಾಗಿದ್ದರೆ ಸೀಲ್ ಕಿಟ್ ಹಾಕಿಕೊಂಡೇ ಕೂರಿಸಿ. ನನ್ನ ಬೈಕಿಗೆ ಕೊನೆಗೆ ಒಗ್ಗಿದ್ದು ಇದೇ ದಾರಿ.

ಕಸ್ಟಮ್ ಬೈಕ್‌ಗಳಿಗೆಂದೇ ಮಾಡಿದ ಕಡೆದ ಅಲ್ಯೂಮಿನಿಯಂನ, ದುಂಡು ಡಬ್ಬಿಯ ಸೆಟ್‌ಗಳು ಮೂರನೆಯವು. ಒಂದಿಂಚಿನ ಬಾರ್ ಇರುವವರ ಕಣ್ಣು ಮೊದಲು ಬೀಳುವುದು ಇವುಗಳ ಮೇಲೆಯೇ. ಇವುಗಳಲ್ಲಿ ಗುಣಮಟ್ಟದ ಅಂತರ ಬಹಳ. ಒಳ್ಳೆಯ ತಯಾರಕರು ಒಂದೇ ರೂಪದಲ್ಲಿ ಬೇರೆ ಬೇರೆ ಒಳವ್ಯಾಸಗಳನ್ನು ಕೊಡುತ್ತಾರೆ, ಸೀಲ್ ಕಿಟ್ ಪ್ರತ್ಯೇಕವಾಗಿ ಮಾರುತ್ತಾರೆ, ಲಿವರಿನ ತಿರುಗುಬಿಂದುವಿಗೆ ಹಿತ್ತಾಳೆ ಅಥವಾ ಕಂಚಿನ ಬುಷ್ ಕೂರಿಸಿರುತ್ತಾರೆ. ಹೆಸರಿಲ್ಲದ ನಕಲುಗಳಲ್ಲಿ ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ ತಿಕ್ಕುತ್ತಾ ಹೊಸದರಲ್ಲೇ ಲಿವರ್ ಮೇಲೆಕೆಳಗೆ ಅಲ್ಲಾಡುತ್ತದೆ. ಸೀಲ್ ಹೋದರೆ ಇಡೀ ಭಾಗವನ್ನೇ ಎಸೆಯಬೇಕು. ಬ್ರೇಕಿನ ವಿಷಯದಲ್ಲಿ ಸೀಲ್ ಕಿಟ್ ಸಿಗದ ವಸ್ತು ನನ್ನ ಪಾಲಿಗೆ ಆಯ್ಕೆಯೇ ಅಲ್ಲ.

ನಾಲ್ಕನೆಯದು ರೇಡಿಯಲ್ ಮಾಸ್ಟರ್ ಸಿಲಿಂಡರ್, ಡಬ್ಬಿ ಪ್ರತ್ಯೇಕ. ಸಾಮಾನ್ಯ ಬಗೆಯಲ್ಲಿ ಸಿಲಿಂಡರ್ ಬಾರ್‌ಗೆ ಸಮಾನಾಂತರವಾಗಿ ಮಲಗಿರುತ್ತದೆ, ಲಿವರ್ ತನ್ನ ಬುಡದ ಮೂಲೆಯಿಂದ ಪಿಸ್ಟನನ್ನು ಅಡ್ಡಕ್ಕೆ ಒತ್ತುತ್ತದೆ. ರೇಡಿಯಲ್‌ನಲ್ಲಿ ಸಿಲಿಂಡರ್ ಬಾರ್‌ಗೆ ಲಂಬವಾಗಿದ್ದು, ಬೆರಳು ಎಳೆಯುವ ದಿಕ್ಕಿನಲ್ಲೇ ಪಿಸ್ಟನ್ ಸಾಗುತ್ತದೆ. ಹಿಡಿತ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುವುದು ಇದರ ದೊಡ್ಡ ಗುಣ. ಇದರ ಅಳತೆಯನ್ನು 19×18, 19×20, 16×18 ಎಂದು ಬರೆಯುತ್ತಾರೆ. ಮೊದಲ ಸಂಖ್ಯೆ ಒಳವ್ಯಾಸ, ಎರಡನೆಯದು ಲಿವರಿನ ತಿರುಗುಬಿಂದುವಿಗೂ ಪಿಸ್ಟನ್ ತಳ್ಳುವ ಬಿಂದುವಿಗೂ ನಡುವಿನ ಅಂತರ. ಎರಡನೆಯದು ಕಡಿಮೆಯಾದಷ್ಟೂ ಮೀಟುಬಲ ಹೆಚ್ಚು. ಬ್ರೆಂಬೋ ಕಂಪನಿಯ ಆರ್‌ಸಿಎಸ್ 19ರಲ್ಲಿ ಸ್ಕ್ರೂಡ್ರೈವರ್ ತಿರುಗಿಸಿ ಈ ಅಂತರವನ್ನು 18ರಿಂದ 20ಕ್ಕೆ ಬದಲಿಸಬಹುದು. ಲಿವರಿನ ಮೀಟುಬಲ ಬೇರೆಯಾಗಿರುವುದರಿಂದ ರೇಡಿಯಲ್‌ನ 19 ಮಿಲಿಮೀಟರನ್ನು ಸಾಮಾನ್ಯ ಬಗೆಯ 19ರ ಜೊತೆ ನೇರವಾಗಿ ತೂಗಬೇಡಿ. 19ರದು ಎರಡು ಡಿಸ್ಕ್, ನಾಲ್ಕು ಪಿಸ್ಟನ್ ಕ್ಯಾಲಿಪರ್‌ಗಳ ಬೈಕಿಗೆ. ಒಂದೇ ಡಿಸ್ಕಿಗೆ 15 ಅಥವಾ 16ರದು. ಒಂದೇ ಡಿಸ್ಕಿನ ಬೈಕಿಗೆ 19 ಹಾಕಿದವರು ನಾನು ಮಾಡಿದ ತಪ್ಪನ್ನೇ ಇನ್ನಷ್ಟು ಹಣ ಕೊಟ್ಟು ಮಾಡುತ್ತಾರೆ.

ಪ್ರತ್ಯೇಕ ಡಬ್ಬಿಯ ನಿಜವಾದ ಉಪಕಾರ ಓರೆ ಬಾರ್‌ಗಳಲ್ಲಿ ಕಾಣುತ್ತದೆ. ಸಿಲಿಂಡರ್ ಹೇಗೇ ವಾಲಲಿ, ಡಬ್ಬಿಯನ್ನು ಪುಟ್ಟ ಬ್ರ್ಯಾಕೆಟ್ ಮೇಲೆ ನೆಟ್ಟಗೆ ನಿಲ್ಲಿಸಬಹುದು. ಅದರ ತಳ ಸಿಲಿಂಡರಿನ ರಂಧ್ರಕ್ಕಿಂತ ಮೇಲಿರಬೇಕು, ನಡುವಿನ ಕೊಳವೆ ಎಲ್ಲೂ ಮೇಲೆದ್ದು ಇಳಿಯದೆ ಒಂದೇ ಸಮನೆ ಏರಬೇಕು. ಗೂನು ಬಿದ್ದಲ್ಲಿ ಗಾಳಿ ಕೂರುತ್ತದೆ. ಕ್ಲಿಪ್-ಆನ್, ಕ್ಲಬ್‌ಮನ್ ಬಾರ್ ಹಾಕುವವರಿಗೆ ನಾನು ಬೇರೆ ಯೋಚನೆಯೇ ಇಲ್ಲದೆ ಸೂಚಿಸುವುದು ಇದನ್ನೇ. ಆದರೆ ರೇಡಿಯಲ್ ಸಿಲಿಂಡರ್ ಮುಂದಕ್ಕೆ ಚಾಚಿರುವುದರಿಂದ ಬಾರ್ ಪೂರ್ತಿ ತಿರುಗಿಸಿದಾಗ ಫೇರಿಂಗಿಗೋ ದೀಪಕ್ಕೋ ತಾಗುತ್ತದೆಯೇ ಎಂದು ಕೊಳ್ಳುವ ಮೊದಲೇ ರಟ್ಟಿನ ಮಾದರಿ ಕತ್ತರಿಸಿ ನೋಡಿ.

ಮಾಸ್ಟರ್ ಸಿಲಿಂಡರನ್ನು ಬಾರ್ ಮೇಲಿಂದಲೇ ತೆಗೆದು, ಟ್ಯಾಂಕಿನ ಕೆಳಗೋ ದೀಪದ ಹಿಂದೋ ಅಡಗಿಸಿ, ಲಿವರಿನಿಂದ ಕೇಬಲ್ ಮೂಲಕ ಎಳೆಯುವುದು ಕೊನೆಯ ದಾರಿ. ಬಾರ್ ಬೋಳಾಗಿ, ಅಚ್ಚುಕಟ್ಟಾಗಿ ಕಾಣುತ್ತದೆ. ಇದು ಕಸ್ಟಮ್ ಲೋಕದ ಹೊಸ ಕಲ್ಪನೆಯೇನಲ್ಲ. 1970ರ ದಶಕದ ಡಿಸ್ಕ್ ಬ್ರೇಕಿನ ಬಿಎಂಡಬ್ಲ್ಯು ಬೈಕ್‌ಗಳಲ್ಲಿ ಮಾಸ್ಟರ್ ಸಿಲಿಂಡರ್ ಟ್ಯಾಂಕಿನ ಕೆಳಗೇ ಇತ್ತು, ಲಿವರಿನಿಂದ ಅಲ್ಲಿಗೆ ಕೇಬಲ್ ಹೋಗುತ್ತಿತ್ತು. ತೊಂದರೆ ಏನೆಂದರೆ ಕೇಬಲ್ ಹಿಗ್ಗುತ್ತದೆ, ಅದರ ಹೊರಕವಚ ಕುಗ್ಗುತ್ತದೆ, ಹಾಗಾಗಿ ಬೆರಳಿಗೆ ಬರುವ ಅನುಭವ ಮಸುಕಾಗುತ್ತದೆ. ಕೇಬಲ್ ಸವೆತದ ಮೇಲೂ ಸದಾ ಕಣ್ಣಿಡಬೇಕು. ಬಾರ್‌ನ ತುದಿಯಲ್ಲಿ ತಿರುಗುವ ತಿರುವುಮುರುವಾದ ಲಿವರ್‌ಗಳಿಗೂ ಇದೇ ಮಾತು. ನೋಟಕ್ಕಾಗಿ ಇವನ್ನು ಆರಿಸುವವರ ಆಸೆ ನನಗೆ ಅರ್ಥವಾಗುತ್ತದೆ. ಪ್ರತಿದಿನ ವಾಹನದಟ್ಟಣೆಯಲ್ಲಿ ಓಡುವ ಬೈಕಿಗೆ ಮಾತ್ರ ಹಾಕಬೇಡಿ.

ಮುಂದೆ ಡ್ರಮ್ ಬ್ರೇಕ್ ಇರುವವರಿಗೆ ಪಿಸ್ಟನ್ ಲೆಕ್ಕ ಬೇಡ. ಅವರು ನೋಡಬೇಕಾದದ್ದು ಲಿವರಿನ ತಿರುಗುಬಿಂದುವಿನಿಂದ ಕೇಬಲ್ ಗುಂಡು ಕೂರುವ ಜಾಗದವರೆಗಿನ ದೂರ. ಅದು ಮೂಲ ಲಿವರಿನಷ್ಟೇ ಇರಲಿ.

ಪೈಪ್, ಬೋಲ್ಟ್, ಆಯಿಲ್

ಪೈಪನ್ನು ಸಿಲಿಂಡರಿಗೆ ಜೋಡಿಸುವ ಟೊಳ್ಳಾದ ಬ್ಯಾಂಜೋ ಬೋಲ್ಟಿನ ಥ್ರೆಡ್ ಕಣ್ಣಿಗೆ ಒಂದೇ ಕಾಣುವ ಮೂರು ಬಗೆಯಲ್ಲಿ ಬರುತ್ತದೆ: ಎಂ10×1.25, ಎಂ10×1.0, ಮತ್ತು 3/8 ಇಂಚು ದಪ್ಪದ, ಇಂಚಿಗೆ 24 ಸುತ್ತಿನದು. ಜಪಾನಿನ ಮಾಸ್ಟರ್ ಸಿಲಿಂಡರ್‌ಗಳಲ್ಲಿ ಸಾಮಾನ್ಯವಾಗಿ ಮೊದಲನೆಯದು, ಬ್ರೆಂಬೋದಂಥ ಯುರೋಪಿನ ಭಾಗಗಳಲ್ಲಿ ಎರಡನೆಯದು. ಮೂರನೆಯದು ಅಮೆರಿಕದ ಹಳೆಯ ಬೈಕ್‌ಗಳಲ್ಲಿ ಮತ್ತು ಅವುಗಳಿಗಾಗಿ ಮಾಡಿದ ಭಾಗಗಳಲ್ಲಿ ಸಿಗುತ್ತದೆ. ತಪ್ಪು ಬೋಲ್ಟ್ ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಅಲ್ಲಿ ಪಾನಾ ಹಾಕಿ ಬಲ ಕೊಟ್ಟರೆ ಹೊಸ ಅಲ್ಯೂಮಿನಿಯಂ ಸಿಲಿಂಡರಿನ ಥ್ರೆಡ್ ಹೋಯಿತು ಎಂದೇ ಲೆಕ್ಕ. ಬೆರಳಿನಲ್ಲೇ ಕೊನೆಯವರೆಗೂ ತಿರುಗಬೇಕು. ಇಕ್ಕೆಲದ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್‌ಗಳನ್ನು ಪ್ರತಿ ಸಲವೂ ಹೊಸದಾಗಿ ಹಾಕಿ.

ಪೈಪ್ ಉದ್ದವನ್ನು ಹಳೆಯ ಕೇಬಲ್ ಕವಚವೊಂದನ್ನು ದಾರಿಯುದ್ದಕ್ಕೂ ಹಾಯಿಸಿ ಅಳೆಯಿರಿ. ಮುಂಚಕ್ರ ನೆಲ ಬಿಟ್ಟು ಫೋರ್ಕ್ ಪೂರ್ತಿ ಇಳಿದಿರಬೇಕು, ಬಾರನ್ನು ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಬೇಕು. ರಬ್ಬರಿನದಕ್ಕಿಂತ ಸ್ಟೀಲ್ ಹೆಣಿಗೆಯ ಪೈಪ್ ಉದ್ದದ ಬಾರ್‌ಗಳಿಗೆ ಖಂಡಿತ ಮೇಲು. ಪೈಪ್ ಉದ್ದವಾದಷ್ಟೂ ರಬ್ಬರಿನ ಉಬ್ಬು ಲಿವರಿನಲ್ಲಿ ಮೆತ್ತಗೆ ತೋರುತ್ತದೆ, ಸ್ಟೀಲ್ ಹೆಣಿಗೆ ಅದನ್ನು ತಡೆಯುತ್ತದೆ. ಆದರೆ ಅದು ಬಣ್ಣವನ್ನೂ ಅಲ್ಯೂಮಿನಿಯಂನ್ನೂ ಗರಗಸದಂತೆ ಉಜ್ಜುವುದರಿಂದ ಮೇಲ್ಕವಚ ಇರುವುದನ್ನೇ ಕೊಳ್ಳಿ. ಎರಡು ಗಿಡ್ಡ ಪೈಪ್ ಜೋಡಿಸುವುದಕ್ಕಿಂತ ಒಂದೇ ಉದ್ದದ ಪೈಪ್ ಲೇಸು.

ಆಯಿಲಿನಲ್ಲಿ ಡಾಟ್ 3, ಡಾಟ್ 4, ಡಾಟ್ 5.1 ಒಂದೇ ಗ್ಲೈಕಾಲ್ ಕುಟುಂಬದವು. ಡಾಟ್ 5 ಸಿಲಿಕೋನಿನದು, ಉಳಿದವುಗಳ ಜೊತೆ ಬೆರೆಸಲೇಬಾರದು. ಹಾರ್ಲೆಯ ಹಳೆಯ ಬೈಕ್‌ಗಳಲ್ಲಿ ಡಾಟ್ 5 ಇರುತ್ತಿತ್ತು. ಅಂಥ ಬೈಕಿಗೆ ಡಾಟ್ 4 ಬೇಡುವ ಹೊಸ ಮಾಸ್ಟರ್ ಸಿಲಿಂಡರ್ ಹಾಕುವುದಾದರೆ ಕ್ಯಾಲಿಪರಿನವರೆಗೆ ಎಲ್ಲವನ್ನೂ ಬಿಚ್ಚಿ ತೊಳೆದು ಸೀಲ್ ಬದಲಿಸಬೇಕಾಗುತ್ತದೆ. ಕೆಲವು ಹೈಡ್ರಾಲಿಕ್ ಕ್ಲಚ್ ಭಾಗಗಳು ಖನಿಜ ತೈಲ ಬಳಸುತ್ತವೆ. ಜೋಡಿ ಸೆಟ್ ಕೊಂಡವರು ಎರಡೂ ಮುಚ್ಚಳಗಳ ಮೇಲಿನ ಬರಹ ಓದಿಯೇ ಸುರಿಯಿರಿ. ಖನಿಜ ತೈಲ ಬ್ರೇಕಿನ ಸೀಲ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ.

ದೀಪದ ಸ್ವಿಚ್ ಮರೆತವರು ಬಹಳ. ಲಿವರಿನ ಬುಡದ ಚಿಕ್ಕ ಸ್ವಿಚ್ ಬೆರಳು ತಾಗಿದ ಕೂಡಲೇ ಹಿಂದಿನ ದೀಪ ಉರಿಸುತ್ತದೆ. ಬ್ಯಾಂಜೋ ಬೋಲ್ಟಿನಲ್ಲೇ ಅಡಗಿದ ಒತ್ತಡದ ಸ್ವಿಚ್ ನೋಡಲು ಅಚ್ಚುಕಟ್ಟು, ಆದರೆ ಒತ್ತಡ ಏರಿದ ಮೇಲೆ ಉರಿಯುವುದರಿಂದ ತುಸು ತಡ. ಎರಡಕ್ಕೂ ಅವಕಾಶವಿದ್ದರೆ ಮೊದಲನೆಯದನ್ನೇ ಆರಿಸಿ.

ಸಡಿಲ ಬಿಡಬೇಕಾದ ಒಂದು ಮಿಲಿಮೀಟರ್

ಲಿವರ್ ತುಂಡನ್ನು ಮಾತ್ರ ಬದಲಿಸುವವರೂ ಇದನ್ನು ಓದಬೇಕು. ಲಿವರ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು, ಡಬ್ಬಿಗೆ ಹೋಗುವ ಸಣ್ಣ ರಂಧ್ರವನ್ನು ತೆರೆಯಬೇಕು. ಬ್ರೇಕ್ ಬಿಸಿಯಾದಾಗ ಹಿಗ್ಗುವ ಆಯಿಲ್ ಆ ರಂಧ್ರದಿಂದಲೇ ಮೇಲಕ್ಕೆ ಹೋಗುತ್ತದೆ. ಹೊಸ ಲಿವರಿನ ಬುಡ ಮೂಲದ್ದಕ್ಕಿಂತ ಕೂದಲೆಳೆಯಷ್ಟು ದಪ್ಪವಿದ್ದರೂ ಪಿಸ್ಟನ್ ಸದಾ ತುಸು ಒತ್ತಿಯೇ ಇರುತ್ತದೆ, ರಂಧ್ರ ಮುಚ್ಚಿಯೇ ಇರುತ್ತದೆ. ಮೊದಮೊದಲು ಎಲ್ಲ ಸರಿಯೆನಿಸುತ್ತದೆ. ಓಡುತ್ತಾ ಆಯಿಲ್ ಬಿಸಿಯಾಗಿ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಪ್ಯಾಡ್ ಒತ್ತುತ್ತದೆ, ಪ್ಯಾಡ್ ತಿಕ್ಕಿ ಇನ್ನಷ್ಟು ಬಿಸಿ, ಇನ್ನಷ್ಟು ಹಿಗ್ಗು. ಸವಾರ ಲಿವರ್ ಮುಟ್ಟದೆಯೇ ಮುಂಚಕ್ರ ಕಟ್ಟಿಕೊಳ್ಳುವವರೆಗೆ ಇದು ಹೋಗಬಲ್ಲದು. ಹೊಸ ಭಾಗ ಹಾಕುವವರಿಗೆ ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಇದಕ್ಕೇ, ಏಕೆಂದರೆ ಗ್ಯಾರೇಜಿನಲ್ಲಿ ನಿಂತ ಬೈಕಿನಲ್ಲಿ ಇದು ಕಾಣುವುದೇ ಇಲ್ಲ.

ಪರೀಕ್ಷೆ ಮಾತ್ರ ಸರಳ. ಲಿವರಿನ ಬುಡ ಪಿಸ್ಟನ್ ಮುಟ್ಟುವ ಮೊದಲು ಚೂರು ಖಾಲಿ ಚಲಿಸಬೇಕು. ಬುಡದ ಬಳಿ ಕೂದಲೆಳೆಯಷ್ಟಾದರೂ, ತುದಿಯಲ್ಲಿ ಒಂದೆರಡು ಮಿಲಿಮೀಟರಾದರೂ ಸಡಿಲ ಸಿಗಬೇಕು. ಜೊತೆಗೆ ಡಬ್ಬಿಯ ಮುಚ್ಚಳ ತೆರೆದು ಲಿವರನ್ನು ನಿಧಾನವಾಗಿ ಚೂರೇ ಎಳೆದರೆ ಆಯಿಲಿನ ಮೇಲ್ಮೈಯಲ್ಲಿ ಪುಟ್ಟ ಬುಗ್ಗೆ ಏಳುವುದು ಕಾಣಬೇಕು. ಅದು ರಂಧ್ರ ತೆರೆದಿರುವ ಸಾಕ್ಷಿ.

ಗಾಳಿ ತೆಗೆದು ರಸ್ತೆಗೆ

ಎತ್ತರದ ಬಾರ್‌ಗಳಲ್ಲಿ ಗಾಳಿ ಮೇಲೇರಿ ಬ್ಯಾಂಜೋ ಬೋಲ್ಟಿನ ಬಳಿ ಸೇರಿಕೊಳ್ಳುತ್ತದೆ. ಕೆಳಗೆ ಕ್ಯಾಲಿಪರಿನಲ್ಲಿರುವ ಗಾಳಿ ತೆಗೆಯುವ ನಿಪ್ಪಲ್ಲಿನಿಂದ ಎಷ್ಟು ಹರಿಸಿದರೂ ಅದು ಕದಲುವುದಿಲ್ಲ. ಮಾಸ್ಟರ್ ಸಿಲಿಂಡರಿನಲ್ಲೇ ನಿಪ್ಪಲ್ ಇದ್ದರೆ ಅಲ್ಲಿಂದ ಶುರು ಮಾಡಿ. ಇಲ್ಲದಿದ್ದರೆ ಬೋಲ್ಟ್ ಸುತ್ತ ಬಟ್ಟೆ ಹಿಡಿದು, ಲಿವರ್ ಎಳೆದುಕೊಂಡು, ಬೋಲ್ಟನ್ನು ಕ್ಷಣಕಾಲ ಸಡಿಲಿಸಿ ಬಿಗಿಯಿರಿ, ಬಿಗಿದ ಮೇಲೆಯೇ ಲಿವರ್ ಬಿಡಿ. ಕೆಳಗಿನಿಂದ ದೊಡ್ಡ ಸಿರಿಂಜಿನಲ್ಲಿ ಆಯಿಲ್ ತಳ್ಳಿ ಗಾಳಿಯನ್ನು ಮೇಲಕ್ಕೇ ಹೊರಡಿಸುವುದು ಉದ್ದದ ಪೈಪ್‌ಗಳಿಗೆ ನನಗೆ ಅತಿ ಹೆಚ್ಚು ಹಿಡಿಸಿದ ವಿಧಾನ. ಡಬ್ಬಿ ಉಕ್ಕದಂತೆ ನೋಡಿಕೊಳ್ಳಿ. ಬ್ರೇಕ್ ಆಯಿಲ್ ಟ್ಯಾಂಕಿನ ಬಣ್ಣ ತಿನ್ನುತ್ತದೆ, ಚೆಲ್ಲಿದರೆ ತಕ್ಷಣ ನೀರು ಸುರಿದು ತೊಳೆಯಬೇಕು.

ಆಮೇಲೆ ಲಿವರನ್ನು ಬಲವಾಗಿ ಹಿಡಿದು ಒಂದು ನಿಮಿಷ ಹಾಗೇ ಇರಿ. ಲಿವರ್ ನಿಧಾನವಾಗಿ ಗ್ರಿಪ್ಪಿನ ಕಡೆಗೆ ಇಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಒಳಗಿನ ಸೀಲ್ ಸೋತಿದೆ. ಪ್ರತಿ ಜೋಡಣೆಯ ಸುತ್ತ ಬಿಳಿ ಕಾಗದ ಒತ್ತಿ ತೇವ ನೋಡಿ. ಲಿವರ್ ಬಿಟ್ಟ ಕೂಡಲೇ ಮುಂಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಕ್ಲ್ಯಾಂಪಿನ ಮೇಲೆ ಬಾಣದ ಗುರುತಿದ್ದರೆ ಅದು ಮೇಲ್ಮುಖವಾಗಿರಲಿ. ಅಂಥದರಲ್ಲಿ ಮೇಲಿನ ಬೋಲ್ಟನ್ನು ಮೊದಲು ಪೂರ್ತಿ ಬಿಗಿದು ಆಮೇಲೆ ಕೆಳಗಿನದನ್ನು ಬಿಗಿಯಿರಿ, ಸಂದು ಉಳಿದರೆ ಕೆಳಗೆ ಉಳಿಯಲಿ.

ಮೊದಲ ಓಟ ವಾಹನಗಳಿಲ್ಲದ ಕಡೆ, ನಡಿಗೆಯ ವೇಗದಲ್ಲಿ. ಹತ್ತು ಬಾರಿ ನಿಲ್ಲಿಸಿ, ಪ್ರತಿ ಸಲ ತುಸು ವೇಗ ಏರಿಸಿ. ಆಮೇಲೆ ಅರ್ಧ ಗಂಟೆ ಓಡಿಸಿ ಬ್ರೇಕ್ ಚೆನ್ನಾಗಿ ಬಿಸಿಯಾದ ಮೇಲೆ ಇಳಿದು ಮತ್ತೊಮ್ಮೆ ಮುಂಚಕ್ರ ಎತ್ತಿ ತಿರುಗಿಸಿ ನೋಡಿ. ತಣ್ಣಗಿದ್ದಾಗ ತಿರುಗಿದಷ್ಟೇ ಹಗುರಾಗಿ ಈಗಲೂ ತಿರುಗಿದರೆ ಮಾತ್ರ ದೂರದ ಪಯಣಕ್ಕೆ ಹೊರಡಿ.